ಎಲ್ಲ ಹಣೆಬರಹ ಅಂದ ಮೇಲೆ ಜಪ ಯಾಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಮೇಯಿಸುತ್ತೇವೆ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ವಿಷ್ಣು ಸಹಸ್ರನಾಮ ಹೇಳಿ, ಒಂದು ಮಾಲೆ ‘ಓಂ ನಮೋ ನಾರಾಯಣಾಯ’ ಜಪ ಮಾಡುತ್ತೇನೆ. ಮೊನ್ನೆ ಯೋಗಿ ನಾರೇಯಣ ತಾತಯ್ಯನವರ ಊರಾದ ಕೈವಾರಕ್ಕೆ ಹೋಗಿ ಬರುವಾಗ ನನ್ನ ಮೈದುನ ಹೇಳಿದರು: “ಅತ್ತಿಗೆ, ಹಣೆಬರಹ ಅಳಿಸೋಕಾಗಲ್ಲ. ಆಗೋದನ್ನೆಲ್ಲ ತಾತಯ್ಯನವರೇ ಕಾಲಜ್ಞಾನದಲ್ಲಿ ಬರೆದಿಟ್ಟಿದ್ದಾರೆ. ನೀವು ಜಪ ಮಾಡಿದರೆ ಏನು ಬದಲಾಗುತ್ತೆ? ಮಾಡಿಸೋನೂ ಅವನೇ, ಬಿಡಿಸೋನೂ ಅವನೇ.” ನನಗೆ ಉತ್ತರ ಹೊಳೆಯಲಿಲ್ಲ. ಈಗ ಮಾಲೆ ಹಿಡಿದರೆ ಇದೇ ಯೋಚನೆ, ಮನಸ್ಸು ನಿಲ್ಲುವುದಿಲ್ಲ. ಹುಳು ಕೊನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಮೇಲೆ ಜಪ ತಪ್ಪಿಯೇ ಹೋಗುತ್ತದೆ. ಪಿಯುಸಿ ಓದುವ ಮಗಳು ಶನಿವಾರದ ಭಜನೆಗೆ ಬರಲ್ಲ ಅನ್ನುತ್ತಾಳೆ. ಒತ್ತಾಯ ಮಾಡಬೇಕಾ, ಅದೂ ಅವಳ ಹಣೆಬರಹ ಅಂತ ಬಿಡಬೇಕಾ?

ಉತ್ತರ: ನಿಮ್ಮ ಮೈದುನ ಕೇಳಿದ್ದನ್ನು ಧರ್ಮರಾಯನೂ ಕೇಳಿದ್ದಾನೆ. ಅದೂ ಎಲ್ಲಿ ಅಂದರೆ, ನೀವು ದಿನಾ ಹೇಳುವ ಸಹಸ್ರನಾಮ ಇರುವ ಪರ್ವದಲ್ಲೇ.

ವಿಷ್ಣು ಸಹಸ್ರನಾಮ ಬರುವುದು ಮಹಾಭಾರತದ ಅನುಶಾಸನ ಪರ್ವದಲ್ಲಿ. ಭೀಷ್ಮ ಬಾಣದ ಹಾಸಿಗೆ ಮೇಲೆ ಮಲಗಿದ್ದಾನೆ. ಧರ್ಮರಾಯ ಆರು ಪ್ರಶ್ನೆ ಕೇಳುತ್ತಾನೆ. ಏನನ್ನು ಜಪಿಸಿದರೆ ಜೀವ ಹುಟ್ಟು ಸಾವಿನ ಕಟ್ಟಿನಿಂದ ಬಿಡಿಸಿಕೊಳ್ಳುತ್ತದೆ ಅನ್ನುವುದು ಆರನೆಯದು. ಅದಕ್ಕೆ ಉತ್ತರವಾಗಿ ಸಾವಿರ ನಾಮ ಬರುತ್ತವೆ. ಇಷ್ಟು ನಿಮಗೆ ಗೊತ್ತೇ ಇರುತ್ತದೆ. ಆದರೆ ಅದೇ ಪರ್ವದ ಶುರುವಿನಲ್ಲಿ ಅದೇ ಧರ್ಮರಾಯ ಅದೇ ಭೀಷ್ಮನನ್ನು ಇನ್ನೊಂದು ಮಾತು ಕೇಳುತ್ತಾನೆ. ದೈವ ದೊಡ್ಡದೋ, ಮನುಷ್ಯನ ಪ್ರಯತ್ನ ದೊಡ್ಡದೋ? ಹಿಂದೆ ವಸಿಷ್ಠರು ಬ್ರಹ್ಮನನ್ನು ಇದನ್ನೇ ಕೇಳಿದ್ದರು ಅಂತ ಭೀಷ್ಮ ಹೇಳುತ್ತಾನೆ. ಬ್ರಹ್ಮ ಕೊಟ್ಟ ಉತ್ತರ ಇದು: ಪ್ರಯತ್ನ ಹೊಲ, ದೈವ ಬೀಜ. ಎರಡೂ ಕೂಡಿದರೆ ಪೈರು. ಏನೂ ಮಾಡದವನಿಗೆ ದೈವ ಏನನ್ನೂ ಕೊಡಲಾರದು.

ಹೊಲ ಯಾವುದು, ಬೀಜ ಯಾವುದು ಅನ್ನುವುದನ್ನು ಗಮನಿಸಿ. ನಮ್ಮ ಜೀವನಕ್ಕೆ ಬಂದು ಬಿದ್ದದ್ದು ಬೀಜ. ಯಾವ ಮನೆಯಲ್ಲಿ ಹುಟ್ಟಿದೆವು, ಎಂಥ ಮೈ, ಎಂಥ ಸ್ವಭಾವ, ಯಾವ ವರ್ಷ ಮಳೆ ಕೈಕೊಟ್ಟಿತು, ಇದೆಲ್ಲ ನಾವು ಆರಿಸಿಕೊಂಡದ್ದಲ್ಲ. ಉಳುವುದು, ಕಳೆ ಕೀಳುವುದು, ಬದು ಕಟ್ಟುವುದು ನಮ್ಮ ಪಾಲಿನದು. ಮಳೆ ನೆಚ್ಚಿ ರಾಗಿ ಬಿತ್ತುವ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಂಬಿಕೆಯಿಲ್ಲ ಅಂತ ನಮ್ಮ ಊರುಗಳಲ್ಲಿ ಯಾರೂ ಉಳುವುದನ್ನು ಬಿಟ್ಟಿಲ್ಲ, ಅಲ್ವಾ?

ಹಾಗಾದರೆ ಆ ದೈವ ಎಲ್ಲಿಂದ ಬಂತು? ಯಾಜ್ಞವಲ್ಕ್ಯ ಸ್ಮೃತಿ ನೇರವಾಗಿ ಹೇಳುತ್ತದೆ, ಹಿಂದಿನ ದೇಹದಲ್ಲಿ ಮಾಡಿದ ಪ್ರಯತ್ನವೇ ಈಗ ದೈವವಾಗಿ ಕಾಣಿಸುತ್ತದೆ ಅಂತ. ಅಂದರೆ ಹಣೆಬರಹ ಅನ್ನುವುದು ಯಾರೋ ಹೊರಗಿನವರು ಬಂದು ಗೀಚಿ ಹೋದದ್ದಲ್ಲ. ಒಂದು ಕಾಲದ ನಮ್ಮದೇ ಕೆಲಸ ಇಂದು ಹಣೆಬರಹವಾಗಿದೆ. ಇಂದಿನ ಕೆಲಸ ಮುಂದಿನ ಹಣೆಬರಹವಾಗುತ್ತದೆ. ‘ಹಣೆಬರಹ ಅಳಿಸೋಕಾಗಲ್ಲ’ ಅನ್ನುವ ಮಾತು ಬಂದು ಮುಗಿದದ್ದರ ಬಗ್ಗೆ ನಿಜ. ಇವತ್ತು ಸಂಜೆ ನಾವು ಏನು ಮಾಡುತ್ತೇವೆ ಅನ್ನುವುದಕ್ಕೆ ಅದನ್ನು ಅಂಟಿಸಿದರೆ ತಪ್ಪಾಗುತ್ತದೆ.

ಈಗ ಕೈವಾರದ ವಿಷಯಕ್ಕೆ ಬರೋಣ. ನಿಮ್ಮ ಮೈದುನ ತಾತಯ್ಯನವರ ಹೆಸರು ಹೇಳಿಯೇ ವಾದ ಮಾಡಿದ್ದಾರಲ್ಲ, ಅದರಿಂದ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲಬೇಕು.

ಯೋಗಿ ನಾರೇಯಣ ಯತೀಂದ್ರರ ಕಾಲ 1726ರಿಂದ 1836 ಅಂತ ಸಂಪ್ರದಾಯ ಹೇಳುತ್ತದೆ. ಬಳೆ ಮಾರಿ ಬದುಕುತ್ತಿದ್ದ ಸಂಸಾರಿ ಅವರು. ಗುರು ಸಿಕ್ಕ ಕಥೆ ಚಿಂತಾಮಣಿ ಕಡೆ ಮಕ್ಕಳಿಗೂ ಗೊತ್ತು. ಗುರುಗಳು ಬಾಯಿಗೆ ಒಂದು ಬೆಣಚುಕಲ್ಲು ಕೊಟ್ಟು, ನೀವು ಇವತ್ತಿಗೂ ಮಾಡುವ ಅದೇ ಅಷ್ಟಾಕ್ಷರಿ ಮಂತ್ರ ಉಪದೇಶ ಮಾಡಿದರು. ಈ ಕಲ್ಲು ಕಲ್ಲುಸಕ್ಕರೆ ಆಗುವವರೆಗೆ ಜಪ ಬಿಡಬೇಡ ಅಂದರು. ತಾತಯ್ಯ ಗುಹೆಯಲ್ಲಿ ಕೂತರು. ಕಲ್ಲು ಕೊನೆಗೆ ಸಕ್ಕರೆಯಾಯಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಸಕ್ಕರೆಯಾದದ್ದನ್ನು ದೊಡ್ಡದು ಮಾಡಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಂಚಿನ ದಿನಗಳು ಮುಖ್ಯ ಅನ್ನಿಸುತ್ತವೆ. ಬಾಯಲ್ಲಿ ಕಲ್ಲಿದೆ. ಅದು ಕಲ್ಲಾಗಿಯೇ ಇದೆ. ಇವತ್ತು ಕರಗುತ್ತದೆ, ನಾಳೆ ಕರಗುತ್ತದೆ ಅಂತ ಯಾರೂ ದಿನ ಗೊತ್ತು ಮಾಡಿ ಹೇಳಿಲ್ಲ. ಕೈಕಾಲು ಕಟ್ಟಿಹಾಕಿಲ್ಲ. ಯಾವ ಗಳಿಗೆಯಲ್ಲಿ ಬೇಕಾದರೂ ಉಗಿದು ಎದ್ದು ಮನೆಗೆ ಹೋಗಬಹುದಿತ್ತು. ಅವರು ಉಗಿಯಲಿಲ್ಲ. ಹೀಗೆ ಗಳಿಗೆಗೊಮ್ಮೆ ‘ಉಗಿಯಲಾರೆ’ ಅಂದುಕೊಂಡು ಕೂತವರನ್ನು ವಿಧಿಯ ಗೊಂಬೆ ಅನ್ನುವುದು ಹೇಗೆ?

ಸರಿ, ಕಾಲಜ್ಞಾನ? ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಪದ ಹಾಡಿದವರು. ಮುಂದೆ ಕಾಲ ಹೇಗೆ ಕೆಡುತ್ತದೆ, ಜನ ಹೇಗಾಗುತ್ತಾರೆ ಅಂತ ಹೇಳಿದರು. ಅದನ್ನು ಹೇಳಿದ್ದು ಯಾಕೆ ಅಂತ ಕೇಳಿಕೊಳ್ಳಿ. ಎಚ್ಚರಿಕೆ ಕೊಡುವುದು ದಾರಿ ಬದಲಿಸಬಲ್ಲವನಿಗೆ ತಾನೆ? ಯಾರೂ ಏನೂ ಬದಲಿಸಲಾರರು ಅಂತ ಅವರಿಗೆ ಅನ್ನಿಸಿದ್ದರೆ ಭವಿಷ್ಯ ಹೇಳಿ ಸುಮ್ಮನಾಗುತ್ತಿದ್ದರು. ಜೊತೆಗೆ ಗುರುವನ್ನು ಹಿಡಿ, ನಾಮವನ್ನು ಹಿಡಿ, ಸುಳ್ಳು ಬಿಡು ಅಂತ ಅಷ್ಟೊಂದು ಪದ ಹಾಡಬೇಕಾಗಿರಲಿಲ್ಲ. ಯುಗದ ಹರಿವು ಒಂದು, ಆ ಯುಗದಲ್ಲಿ ನಿಂತ ಒಬ್ಬ ಮನುಷ್ಯನ ನಡತೆ ಇನ್ನೊಂದು. ಕಾಲಜ್ಞಾನ ಮೊದಲನೆಯದರ ಬಗ್ಗೆ. ಮಂತ್ರ ಎರಡನೆಯದಕ್ಕೆ.

ಇದೇ ತರ್ಕ ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲೂ ಇದೆ. ಎರಡನೇ ಅಧ್ಯಾಯದ ಮೂರನೇ ಪಾದದಲ್ಲಿ ‘ಕರ್ತಾ ಶಾಸ್ತ್ರಾರ್ಥವತ್ತ್ವಾತ್’ ಅಂತ ಒಂದು ಸೂತ್ರ. ಜೀವ ಕರ್ತೃವೇ, ಅಂದರೆ ಕೆಲಸ ಮಾಡುವವನೇ ಹೌದು, ಇಲ್ಲದಿದ್ದರೆ ‘ಇದನ್ನು ಮಾಡು, ಅದನ್ನು ಮಾಡಬೇಡ’ ಅನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ ಅಂತ ಅದರ ಭಾವ. ಕಲ್ಲುಬಂಡೆಗೆ ಯಾರೂ ಉಪದೇಶ ಮಾಡುವುದಿಲ್ಲ.

ಇಷ್ಟು ಹೇಳಿದ ಮೇಲೂ ಮೈದುನ ಬಿಡಲಿಕ್ಕಿಲ್ಲ. “ಸ್ವಭಾವ ಅಂತ ಒಂದಿದೆಯಲ್ಲ, ಅದರ ಮುಂದೆ ಯಾರ ಆಟ ನಡೆಯುತ್ತೆ?” ಅನ್ನಬಹುದು. ಅವರ ಪರವಾಗಿ ಗೀತೆಯ ಮೂರನೇ ಅಧ್ಯಾಯದಲ್ಲೇ ಒಂದು ಶ್ಲೋಕ ಇದೆ. ತಿಳಿದವನೂ ತನ್ನ ಪ್ರಕೃತಿಗೆ ತಕ್ಕಂತೆ ನಡೆಯುತ್ತಾನೆ, ಅದುಮಿಟ್ಟು ಏನು ಪ್ರಯೋಜನ ಅಂತ ಕೃಷ್ಣನೇ ಹೇಳುತ್ತಾನೆ. ಇದು 33ನೇ ಶ್ಲೋಕ. ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ಮೈದುನ ಗೆದ್ದಂತೆಯೇ. ಶಂಕರಾಚಾರ್ಯರು ಇಲ್ಲಿ ಬಹಳ ಪ್ರಾಮಾಣಿಕವಾಗಿ ಅದೇ ಆಕ್ಷೇಪ ಎತ್ತುತ್ತಾರೆ. ಎಲ್ಲರೂ ಸ್ವಭಾವದಂತೆಯೇ ನಡೆಯುವುದಾದರೆ ಪ್ರಯತ್ನಕ್ಕೆ ಜಾಗ ಎಲ್ಲಿ, ಶಾಸ್ತ್ರ ವ್ಯರ್ಥವಾಯಿತಲ್ಲ ಅಂತ. ಅದಕ್ಕೆ ಉತ್ತರ ಮುಂದಿನ ಶ್ಲೋಕದಲ್ಲಿದೆ ಅಂತ ತೋರಿಸುತ್ತಾರೆ. ಕಣ್ಣು ಕಿವಿ ನಾಲಿಗೆಗೆ ಸಿಗುವ ಒಂದೊಂದು ವಿಷಯದಲ್ಲೂ ಬೇಕು, ಬೇಡ ಅನ್ನುವುದು ಮೊದಲೇ ಕೂತಿದೆ. ಅದರ ವಶಕ್ಕೆ ಹೋಗಬೇಡ. ಇಷ್ಟೇ ಮಾತು.

ಈ ಎರಡು ಶ್ಲೋಕಗಳನ್ನು ಪಾಠ ಮಾಡುವಾಗ ನಾನು ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆ. ಸಿಟ್ಟು ಹುಟ್ಟಲೇಬಾರದು ಅಂತ ಕೃಷ್ಣ ಹೇಳಲಿಲ್ಲ. ಅದು ಹುಟ್ಟುತ್ತದೆ, ಅದು ಬೀಜ. ಸಿಟ್ಟು ಹುಟ್ಟುವುದಕ್ಕೂ ಅದರ ಹಿಂದೆ ನಾವು ಹೋಗುವುದಕ್ಕೂ ನಡುವೆ ಒಂದಿಷ್ಟು ಜಾಗ ಇದೆ. ನಮ್ಮ ಸ್ವಾತಂತ್ರ್ಯ ಇರುವುದು ಅಲ್ಲಿ. ಬಹಳ ಚಿಕ್ಕ ಜಾಗ. ಎಷ್ಟೋ ಜನರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಜಪ ಮಾಡುವುದು ಆ ಜಾಗವನ್ನು ಕಂಡುಹಿಡಿದು ಅಲ್ಲಿ ನಿಲ್ಲುವುದನ್ನು ಕಲಿಯೋದಕ್ಕೆ. ನಾನು ಹೇಳಬೇಕಾದ್ದು ಮುಖ್ಯವಾಗಿ ಇದನ್ನೇ.

ನಿಮ್ಮ ಬೆಳಗಿನ ಜಪವನ್ನೇ ತೆಗೆದುಕೊಳ್ಳಿ. ಮಾಲೆ ಹಿಡಿದು ಕೂತಿದ್ದೀರಿ. ಸುಮೇರುವಿನ, ಅಂದರೆ ಮಾಲೆಯ ತಲೆಮಣಿಯ, ಪಕ್ಕದ ಮಣಿಯಿಂದ ಶುರು. ಹತ್ತು ಹನ್ನೆರಡು ಮಣಿವರೆಗೆ ನಾಮ ಕಿವಿಗೆ ಕೇಳಿಸುತ್ತಿದೆ. ಅಷ್ಟರಲ್ಲಿ ಡೈರಿಗೆ ಹಾಲು ಹೋಯಿತೋ ಇಲ್ಲವೋ ಅನ್ನುವ ಯೋಚನೆ. ಅದರ ಹಿಂದೆ ಕಳೆದ ಬೆಳೆಗೆ ಗೂಡಿನ ಮಾರ್ಕೆಟ್ಟಿನಲ್ಲಿ ಸಿಕ್ಕ ರೇಟು. ಆಮೇಲೆ ಮೈದುನನ ಮಾತು, ಅದಕ್ಕೆ ನೀವು ಕೊಡಬಹುದಾಗಿದ್ದ ಉತ್ತರ. ಬೆರಳು ಮಣಿ ಉರುಳಿಸುತ್ತಲೇ ಇದೆ, ತುಟಿ ಆಡುತ್ತಲೇ ಇದೆ. ಎಲ್ಲೋ ನಲವತ್ತನೇ ಮಣಿ ಹತ್ತಿರ ಥಟ್ ಅಂತ ಗೊತ್ತಾಗುತ್ತದೆ: ಅಯ್ಯೋ, ನಾನು ಇಲ್ಲಿರಲೇ ಇಲ್ಲವಲ್ಲ!

ಹಾಗೆ ಗೊತ್ತಾದ ಗಳಿಗೆಯನ್ನು ನೀವು ತರಿಸಿಕೊಂಡದ್ದಲ್ಲ. ತಾನಾಗಿ ಬಂತು. ಭಕ್ತರು ಅದನ್ನು ಕೃಪೆ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಆದರೆ ಅದರ ಮರುಗಳಿಗೆ ನಿಮ್ಮದು. ಆ ರೇಟಿನ ಲೆಕ್ಕವನ್ನೇ ಮುಂದುವರಿಸಬಹುದು. ‘ಥೂ, ನನ್ನ ಜಪವೇ ಇಷ್ಟು’ ಅಂತ ನಿಮ್ಮನ್ನೇ ಬೈದುಕೊಳ್ಳುತ್ತಾ ಇನ್ನೂ ಇಪ್ಪತ್ತು ಮಣಿ ಕಳೆಯಬಹುದು. ಇಲ್ಲವೇ ಏನೂ ಮಾತಾಡದೆ ನಾಮಕ್ಕೆ ವಾಪಸ್ ಬರಬಹುದು. ಮನಸ್ಸು ಎಲ್ಲೆಲ್ಲಿಗೆ ಓಡುತ್ತದೋ ಅಲ್ಲಲ್ಲಿಂದ ಎಳೆದು ತಾ ಅಂತ ಗೀತೆಯ ಆರನೇ ಅಧ್ಯಾಯದ 26ನೇ ಶ್ಲೋಕ ಹೇಳುತ್ತದೆ. ಓಡದ ಹಾಗೆ ನೋಡಿಕೋ ಅಂತ ಅದರಲ್ಲಿಲ್ಲ. ಹೀಗೆ ವಾಪಸ್ ಬಂದಾಗಲೆಲ್ಲ ನೀವು ಒಂದು ಸಲ ಸ್ವತಂತ್ರವಾಗಿ ಕೆಲಸ ಮಾಡಿದಂತೆ. 108 ಮಣಿಯಲ್ಲಿ ಮೂರು ಸಲ ಹಾಗೆ ಬಂದಿದ್ದರೂ ಆ ದಿನದ ಜಪ ದಂಡವಾಗಿಲ್ಲ.

‘ಮನಸ್ಸು ನಿಲ್ಲಲ್ಲ’ ಅಂತ ಬರೆದಿದ್ದೀರಿ. ಅದನ್ನು ಸೋಲು ಅಂತ ಎಣಿಸಬೇಡಿ. ಮನಸ್ಸು ಓಡದೇ ಇದ್ದರೆ ತರುವ ಅಭ್ಯಾಸ ಆಗುವುದಾದರೂ ಯಾವಾಗ?

ಇಲ್ಲಿ ಒಂದು ಉಪಯೋಗದ ಮಾತು. ಜಪದಲ್ಲಿ ಮೂರು ಬಗೆ. ಬೇರೆಯವರಿಗೆ ಕೇಳುವಂತೆ ಹೇಳುವುದು ವಾಚಿಕ, ತುಟಿ ಮಾತ್ರ ಆಡುವುದು ಉಪಾಂಶು, ಮನಸ್ಸಿನಲ್ಲೇ ಹೇಳುವುದು ಮಾನಸ. ಉಪಾಂಶುವಿಗೆ ನೂರು ಪಟ್ಟು, ಮಾನಸಕ್ಕೆ ಸಾವಿರ ಪಟ್ಟು ಫಲ ಅಂತ ಮನುಸ್ಮೃತಿ ಹೇಳಿದ್ದನ್ನು ಕೇಳಿ ಎಲ್ಲರೂ ಮಾನಸ ಜಪಕ್ಕೇ ಅವಸರ ಮಾಡುತ್ತಾರೆ. ಮನಸ್ಸು ಚದುರಿದ ದಿನ ಮಾನಸ ಜಪ ಅಂದರೆ ಬರೀ ಯೋಚನೆಯೇ. ಅಂಥ ದಿನ ಸಂಕೋಚ ಬಿಟ್ಟು ಬಾಯಿಬಿಟ್ಟು ಹೇಳಿ. ನಿಮ್ಮ ಕಿವಿಗೆ ನಿಮ್ಮ ದನಿ ಬೀಳಲಿ. ಭಜನೆಯಲ್ಲಿ ತಾಳ, ಹಾರ್ಮೋನಿಯಂ, ಪಕ್ಕದವರ ಕೊರಳು ಎಲ್ಲ ಸೇರಿ ಮನಸ್ಸನ್ನು ಹಿಡಿದು ತರುತ್ತವೆ. ಒಬ್ಬರೇ ಕೂತಾಗ ನಿಮ್ಮ ದನಿ ಮಾತ್ರ ಆ ಕೆಲಸ ಮಾಡಬೇಕು.

ಈಗ ಮೈದುನನ ಹತ್ತಿರ ಇನ್ನೊಂದು ಪ್ರಶ್ನೆ ಉಳಿದಿರಬಹುದು. ಅಜಾಮಿಳನ ಕಥೆ ನೆನಪಿಸಿ, “ಮನಸ್ಸಿಲ್ಲದೆ ನಾಮ ಹೇಳಿದವನೇ ಉದ್ಧಾರ ಆದ, ಅಲ್ಲಿ ಅವನ ಇಚ್ಛೆ ಎಲ್ಲಿತ್ತು?” ಅನ್ನಬಹುದು. ಬಹಳ ಜನ ಆ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ಭಾಗವತದ ಆರನೇ ಸ್ಕಂಧದಲ್ಲಿ ಬರುವ ಕಥೆ ಇದು. ಕನ್ಯಾಕುಬ್ಜದ ಅಜಾಮಿಳ ದಾರಿ ತಪ್ಪಿದ. ಕಳ್ಳತನ, ಮೋಸ, ಜೂಜು ಎಲ್ಲ ಮಾಡಿ 88 ವರ್ಷ ಕಳೆದ. ಹತ್ತು ಮಕ್ಕಳಲ್ಲಿ ಕೊನೆಯವನ ಹೆಸರು ನಾರಾಯಣ. ಸಾಯುವ ಹೊತ್ತಿಗೆ ಯಮದೂತರನ್ನು ಕಂಡು ಹೆದರಿ ಮಗನನ್ನು ಕೂಗಿದ. ವಿಷ್ಣುದೂತರು ಬಂದು ಬಿಡಿಸಿದರು. ಹರಿಕಥೆಯಲ್ಲಿ ಸಾಮಾನ್ಯವಾಗಿ ಇಲ್ಲಿಗೆ ಮಂಗಳ. ಆದರೆ ಭಾಗವತ ಇನ್ನೂ ಮುಂದೆ ಹೋಗುತ್ತದೆ. ಅಜಾಮಿಳ ಆ ಗಳಿಗೆಗೇ ವೈಕುಂಠಕ್ಕೆ ಹೋಗಲಿಲ್ಲ. ಬದುಕಿ ಉಳಿದ. ದೂತರ ನಡುವೆ ನಡೆದ ವಾದವನ್ನು ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡಿದ್ದ. ತಾನು ಮಾಡಿದ್ದೆಲ್ಲ ಒಂದೊಂದಾಗಿ ನೆನಪಾಗಿ ಬೆಂದುಹೋದ. ಆಮೇಲೆ ಮನೆ ಬಿಟ್ಟು ಗಂಗಾದ್ವಾರಕ್ಕೆ, ಅಂದರೆ ಈಗಿನ ಹರಿದ್ವಾರಕ್ಕೆ ಹೋದ. ಅಲ್ಲಿ ದೇವಸ್ಥಾನದಲ್ಲಿ ಕೂತು ಇಂದ್ರಿಯಗಳನ್ನು ಹಿಡಿದು ಸಾಧನೆ ಮಾಡಿದ. ಅದಾದ ಮೇಲೆ ದೇಹ ಬಿಟ್ಟ.

ನಾಮ ಅವನಿಗೆ ಕೊಟ್ಟದ್ದು ಇನ್ನೊಂದು ಅವಕಾಶ. ಅದು ಪುಕ್ಕಟೆ ಬಂತು, ಅರ್ಹತೆ ನೋಡಿ ಬರಲಿಲ್ಲ. ಗಂಗಾದ್ವಾರದ ದಾರಿ ಅವನೇ ನಡೆದ. ಮತ್ತೆ ಹಳೇ ಮನೆಯಲ್ಲೇ ಹಳೇ ಜೀವನಕ್ಕೆ ಕೂರಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಕೃಪೆಗೂ ಸ್ವಂತ ಇಚ್ಛೆಗೂ ಜಗಳ ಇದೆ ಅನ್ನುವವರು ಈ ಎರಡನೇ ಅರ್ಧವನ್ನು ಒಂದು ಸಲ ಓದಬೇಕು.

ನಾಮಾಪರಾಧಗಳು ಹತ್ತು ಅಂತ ಹಿರಿಯರು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಒಂದು, ನಾಮದ ಬಲ ಇದೆಯಲ್ಲ ಅಂತ ಧೈರ್ಯವಾಗಿ ಪಾಪ ಮಾಡುವುದು. ಸಂಜೆ ಜಪ ಮಾಡಿ ತೊಳೆದುಕೊಳ್ಳೋಣ ಅಂತ ಬೆಳಿಗ್ಗೆ ತೂಕದಲ್ಲಿ ಮೋಸ ಮಾಡಿದರೆ ಅದಕ್ಕೆ ನಾಮವೂ ಕೈ ಚಾಚುವುದಿಲ್ಲ. ನಾಮ ಯಂತ್ರವಾಗಿದ್ದರೆ, ಹೇಳಿದವನ ಮನಸ್ಸು ಲೆಕ್ಕಕ್ಕೇ ಇಲ್ಲದಿದ್ದರೆ, ಇಂಥದ್ದನ್ನು ಅಪರಾಧ ಅಂತ ಕರೆಯಬೇಕಾಗಿರಲಿಲ್ಲ.

‘ಮಾಡಿಸೋನೂ ಅವನೇ’ ಅನ್ನುವ ಮಾತಿಗೆ ಈಗ ಬರುತ್ತೇನೆ. ಇದು ಸುಳ್ಳು ಮಾತಲ್ಲ, ದೊಡ್ಡ ಮಾತು. ಮುಳಬಾಗಿಲಿನ ಹತ್ತಿರ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ ಇದೆ. ವ್ಯಾಸರಾಯರಿಗೆ ಪಾಠ ಹೇಳಿದ ಗುರು ಅವರು, 15ನೇ ಶತಮಾನದವರು. ಮಠದ ಪೂಜೆಯ ಹೊತ್ತಿಗೆ ಕನ್ನಡದಲ್ಲಿ ದೇವರ ನಾಮ ಹಾಡುವುದಕ್ಕೆ ದಾರಿ ಮಾಡಿದವರಲ್ಲಿ ಮೊದಲಿಗರು. ಅವರು ನಿಂತ ಮಧ್ವಮತದಲ್ಲಿ ಸ್ವತಂತ್ರ ಅನ್ನುವುದು ಒಬ್ಬನಿಗೇ, ಅದು ವಿಷ್ಣುವಿಗೆ. ಉಳಿದ ಎಲ್ಲವೂ ಅವನ ಅಧೀನ. ನಿಮ್ಮ ಮೈದುನ ಹೇಳಿದ್ದಕ್ಕಿಂತಲೂ ಗಟ್ಟಿಯಾಗಿ ಇದನ್ನು ಹೇಳಿದವರು ಅವರು. ಹಾಗಂತ ಅವರು ಕೈಕಟ್ಟಿ ಕೂತರಾ? ಬೆಳಗಿನ ಜಾವ ಎದ್ದು ಪೂಜೆ, ಪಾಠ, ಗ್ರಂಥ ರಚನೆ, ಹಾಡು. ಜೀವನಿಗೆ ಕರ್ತೃತ್ವ ಇದೆ, ಆದರೆ ಅದು ದೇವರು ಕೊಟ್ಟದ್ದು ಅಂತ ಅವರ ನಿಲುವು. ಕೊಟ್ಟದ್ದನ್ನು ಬಳಸದೆ ಇಡುವುದು ಭಕ್ತಿಯಲ್ಲ.

ದೇವರು ಮಾಡಿಸುವುದು ಜೀವ ಮಾಡಿದ ಪ್ರಯತ್ನವನ್ನು ನೋಡಿಕೊಂಡೇ ಅಂತ ಬ್ರಹ್ಮಸೂತ್ರ ಅದೇ ಪಾದದಲ್ಲಿ ಇನ್ನೊಂದು ಕಡೆ ಹೇಳುತ್ತದೆ. ಶಂಕರ, ರಾಮಾನುಜ, ಮಧ್ವ ಎಷ್ಟೋ ವಿಷಯದಲ್ಲಿ ಒಪ್ಪದವರು. ಈ ಸೂತ್ರವನ್ನು ಮಾತ್ರ ಮೂವರೂ ಬಿಟ್ಟುಕೊಟ್ಟಿಲ್ಲ. ಬಿಟ್ಟರೆ ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಟ್ಟ ಪಕ್ಷಪಾತದ ಆರೋಪ ದೇವರ ಮೇಲೇ ಬರುತ್ತದೆ.

ಗೀತೆಯ ಕೊನೆಯಲ್ಲೂ ಮಾತುಗಳು ಬರುವ ಕ್ರಮ ನೋಡಿ. ಹದಿನೆಂಟನೇ ಅಧ್ಯಾಯದ 61ನೇ ಶ್ಲೋಕದಲ್ಲಿ ಕೃಷ್ಣ ಹೇಳುತ್ತಾನೆ, ಈಶ್ವರ ಎಲ್ಲರ ಹೃದಯದಲ್ಲಿ ಇದ್ದು ಎಲ್ಲರನ್ನೂ ತಿರುಗಿಸುತ್ತಿದ್ದಾನೆ ಅಂತ. ಎರಡೇ ಶ್ಲೋಕ ಕಳೆದ ಮೇಲೆ ಅದೇ ಕೃಷ್ಣ, ‘ಇದೆಲ್ಲ ಪೂರ್ತಿ ಯೋಚಿಸಿ, ಆಮೇಲೆ ನಿನಗೆ ಹೇಗೆ ಇಷ್ಟವೋ ಹಾಗೆ ಮಾಡು’ ಅನ್ನುತ್ತಾನೆ. ಕಡೆಗೆ 73ನೇ ಶ್ಲೋಕದಲ್ಲಿ ಅರ್ಜುನ ತಾನಾಗಿ ಬಾಯಿಬಿಟ್ಟು, ನೀನು ಹೇಳಿದಂತೆ ಮಾಡುತ್ತೇನೆ ಅನ್ನುತ್ತಾನೆ. ವಿಶ್ವರೂಪ ತೋರಿಸಿದವನಿಗೆ ಅರ್ಜುನನ ಕೈಯಲ್ಲಿ ಬಿಲ್ಲು ಹಿಡಿಸುವುದು ಕಷ್ಟವಾಗಿರಲಿಲ್ಲ. ಆದರೂ ಅವನ ಉತ್ತರಕ್ಕೆ ಕಾದ.

ಪೂಜೆಯ ಪದ್ಧತಿಯಲ್ಲೂ ಇದೇ ಕ್ರಮ ಇದೆ. ಶುರುವಿನಲ್ಲಿ ಸಂಕಲ್ಪ: ಇಂಥ ದಿನ, ಇಂಥ ಜಾಗದಲ್ಲಿ, ನಾನು ಇದನ್ನು ಮಾಡುತ್ತೇನೆ. ಕೊನೆಯಲ್ಲಿ ಕೃಷ್ಣಾರ್ಪಣ: ಮಾಡಿದ್ದೆಲ್ಲ ನಿನ್ನದು. ‘ಮಾಡಿಸಿದೋನು ಅವನೇ’ ಅನ್ನುವುದು ಕೆಲಸ ಮುಗಿದ ಮೇಲೆ, ಅಹಂಕಾರ ತಲೆ ಎತ್ತುವ ಹೊತ್ತಿಗೆ ಹೇಳಬೇಕಾದ ಮಾತು. ಅದನ್ನು ಕೆಲಸಕ್ಕೆ ಮೊದಲೇ ಹೇಳಿದರೆ ಬರೀ ನೆಪವಾಗುತ್ತದೆ. ಮೈದುನ ತಪ್ಪು ಹೇಳಿಲ್ಲ, ಹೇಳಿದ ಹೊತ್ತು ತಪ್ಪು.

ಬಂದ ಕಷ್ಟ ಜಪದಿಂದ ಹೋಗುತ್ತದಾ ಅಂತ ನೀವು ಕೇಳಿಲ್ಲ, ಆದರೂ ‘ಏನು ಬದಲಾಗುತ್ತೆ’ ಅನ್ನುವ ಮಾತಿನಲ್ಲಿ ಅದು ಇದೆ. ಫಲ ಕೊಡೋದಕ್ಕೆ ಶುರುವಾದ ಕರ್ಮ, ಅಂದರೆ ಪ್ರಾರಬ್ಧ, ಜ್ಞಾನಿಗೂ ಅನುಭವಿಸಿಯೇ ಕಳೆಯಬೇಕು ಅಂತ ವೇದಾಂತ ಹೇಳುತ್ತದೆ. ನಾಮ ಅದನ್ನೂ ಮೆತ್ತಗೆ ಮಾಡುತ್ತದೆ ಅಂತ ಭಕ್ತಿ ಸಂಪ್ರದಾಯದವರು ನಂಬುತ್ತಾರೆ. ನಾನು ಯಾರಿಗೂ ‘ಜಪ ಮಾಡಿ, ಗೂಡಿಗೆ ರೇಟು ಬರುತ್ತೆ’ ಅಂತ ಹೇಳುವುದಿಲ್ಲ. ಹಾಗಂತ ರೇಟು ಬರಲಿ ಅಂತ ಕೇಳಿಕೊಳ್ಳುವುದೂ ತಪ್ಪಲ್ಲ. ಕಷ್ಟದಲ್ಲಿದ್ದು ಕೂಗುವವರು, ಏನೋ ಬೇಕು ಅಂತ ಬರುವವರು, ಇಬ್ಬರನ್ನೂ ಗೀತೆ ಭಕ್ತರ ಸಾಲಿನಲ್ಲೇ ಸೇರಿಸಿದೆ, ಉದಾರರು ಅಂತಲೂ ಕರೆದಿದೆ. ಆದರೆ ಇಷ್ಟು ಸಾವಿರ ಜಪ ಮಾಡಿಸಿದರೆ ಇಂಥ ದೋಷ ಹೋಗುತ್ತದೆ ಅಂತ ಲೆಕ್ಕ ಹಾಕಿ ದುಡ್ಡು ಕೇಳುವವರಿಂದ ದೂರ ಇರಿ. ಸಾಲ ಮಾಡಿ ಜಪ ಮಾಡಿಸುವ ಮನೆಗಳನ್ನು ಕಂಡಿದ್ದೇನೆ. ನಿಮ್ಮ ಬಾಯಲ್ಲಿ ಬರುವ ನಾಮಕ್ಕೆ ಕಾಸು ಬೇಕಿಲ್ಲ.

ಹುಳುವಿನ ಕೆಲಸದಲ್ಲಿ ಜಪ ತಪ್ಪುವುದಕ್ಕೆ ಬಹಳ ನೊಂದುಕೊಂಡ ಹಾಗಿದೆ. ಬೇಡ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಗಲು ರಾತ್ರಿ ಸೊಪ್ಪು ಬೇಕು. ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ಬಹುಪಾಲು ಖರ್ಚಾಗುವುದು ಆ ಕೊನೇ ವಾರದಲ್ಲೇ ಅಲ್ವಾ? ಆ ಹೊತ್ತಿನಲ್ಲಿ ಹುಳುವನ್ನು ಹಸಿವಿನಲ್ಲಿಟ್ಟು ಮಾಲೆ ಹಿಡಿದು ಕೂರಿ ಅಂತ ಯಾವ ಶಾಸ್ತ್ರವೂ ಹೇಳುವುದಿಲ್ಲ. ಕೂತು ಮಾಡುವ ಮಂತ್ರಜಪಕ್ಕೆ ಸ್ನಾನ, ಆಸನ, ಹೊತ್ತು ಅಂತ ನಿಯಮಗಳಿವೆ. ನಾಮಸ್ಮರಣೆಗೆ ಅಂಥ ಕಟ್ಟಿಲ್ಲ. ಆ ಒಂದು ವಾರ ಮಾಲೆಯನ್ನು ದೇವರ ಮನೆಯಲ್ಲೇ ಬಿಡಿ. ತಟ್ಟೆಗೆ ಸೊಪ್ಪು ಹರಡುವಾಗ ‘ನಾರಾಯಣ’ ಅನ್ನಿ. ಒಂದು ತಟ್ಟೆಗೆ ಒಂದು ನಾಮ ಸಾಕು. ಹಣ್ಣು ಹುಳು ಆರಿಸಿ, ಗೂಡು ಕಟ್ಟಲಿ ಅಂತ ಚಂದ್ರಿಕೆ ತಟ್ಟಿಗೆ ಬಿಡುವಾಗಲೂ ಹಾಗೇ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮರುದಿನದಿಂದ ಮತ್ತೆ ಮಾಲೆ ಹಿಡಿಯಿರಿ. ಬಿಟ್ಟುಹೋದ ಮಾಲೆಗಳನ್ನು ಸಾಲದ ಹಾಗೆ ಕೂಡಿಸಿ ತೀರಿಸಬೇಕಾಗಿಲ್ಲ.

ಇನ್ನು ಮಗಳು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಬೆಳಿಗ್ಗೆ ಸಂಜೆ ಸಾವಿರಾರು ಮಕ್ಕಳು ಸಾಲಾಗಿ ಕೂತು ಪ್ರಾರ್ಥನೆ ಮಾಡುವುದನ್ನು ನೀವು ನೋಡಿರಬಹುದು. ನಾನು ತುಮಕೂರಿನಲ್ಲೇ ಇರುವವನು, ಎಷ್ಟೋ ಸಂಜೆ ಅಲ್ಲಿ ನಿಂತು ಕೇಳಿದ್ದೇನೆ. ಮುಂದಿನ ಸಾಲಿನ ಚಿಕ್ಕ ಹುಡುಗರಲ್ಲಿ ಕೆಲವರ ಕಣ್ಣು ಮುಚ್ಚಿರುತ್ತದೆ, ಕೆಲವರು ಒಂದು ಕಣ್ಣು ತೆರೆದು ಪಕ್ಕದವನನ್ನು ನೋಡುತ್ತಿರುತ್ತಾರೆ. ಆದರೂ ಅಷ್ಟು ಕೊರಳು ಒಟ್ಟಿಗೆ ಏಳುವಾಗ ಮೈ ಜುಮ್ಮೆನ್ನುತ್ತದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ವಯಸ್ಸು ನೂರು ಸಮೀಪಿಸಿದಾಗಲೂ ಮಕ್ಕಳ ಜೊತೆ ಪ್ರಾರ್ಥನೆಗೆ ಬಂದು ಕೂರುತ್ತಿದ್ದರು. ಅಲ್ಲಿ ಅದು ನಿಯಮ ಹೌದು. ಆದರೆ ಆ ನಿಯಮ ಮಾಡಿದವರೂ ಅದರೊಳಗೇ ಇದ್ದರು. ಚಿಕ್ಕ ಮಕ್ಕಳಿಗೆ ಇಂಥ ಶಿಸ್ತು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾಮ ನಾಲಿಗೆಗೆ ಒಗ್ಗುತ್ತದೆ. ಮುಂದೆ ಬೇಕಾದಾಗ ಅಲ್ಲಿ ಇರುತ್ತದೆ.

ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ. ಹದಿನೇಳು ಹದಿನೆಂಟರ ಹುಡುಗಿಯನ್ನು ರೆಟ್ಟೆ ಹಿಡಿದು ಭಜನೆಗೆ ಕೂರಿಸಿದರೆ ಬಾಯಿ ಆಡುತ್ತದೆ, ಒಳಗೆ ಸಿಟ್ಟು ಬೆಳೆಯುತ್ತದೆ. ಹಣೆಬರಹ ಅಂತ ಕೈಬಿಡುವುದೂ ಬೇಡ, ಅದು ಮೈದುನನ ದಾರಿಯೇ ಆಯಿತು. ಮೊದಲು ಯಾಕೆ ಬರಲ್ಲ ಅಂತ ಕೇಳಿ, ಕೇಳಿದ ಮೇಲೆ ಅವಳು ಹೇಳಿ ಮುಗಿಸುವವರೆಗೆ ನಡುವೆ ಮಾತಾಡಬೇಡಿ. ಪರೀಕ್ಷೆಯ ಭಯ ಇರಬಹುದು. ಭಜನೆ ಮುಗಿದ ಮೇಲೆ ಕಟ್ಟೆ ಮೇಲೆ ನಡೆಯುವ ಊರ ಮಾತುಕತೆ ಅವಳಿಗೆ ಹಿಡಿಸದೇ ಇರಬಹುದು. ಅರ್ಥ ಗೊತ್ತಿಲ್ಲದ್ದನ್ನು ಯಾಕೆ ಹಾಡಬೇಕು ಅನ್ನುವ ಪ್ರಶ್ನೆ ಇರಬಹುದು. ಹಾಗಿದ್ದರೆ ಅದು ಒಳ್ಳೇ ಪ್ರಶ್ನೆ. ಇಬ್ಬರೂ ಕೂತು ದಿನಕ್ಕೆ ಒಂದೇ ನಾಮದ ಅರ್ಥ ನೋಡಿ. ಸಹಸ್ರನಾಮಕ್ಕೆ ಕನ್ನಡದಲ್ಲಿ ಅರ್ಥ ಇರುವ ಪುಸ್ತಕಗಳು ಧಾರಾಳವಾಗಿ ಸಿಗುತ್ತವೆ.

ಶನಿವಾರ ನೀವು ಹೊರಡುವಾಗ ಒಂದು ಸಲ ಕರೆಯಿರಿ, ಬರುತ್ತೀಯಾ ಅಂತ. ಎರಡನೇ ಸಲ ಬೇಡ. ಬಂದರೆ ತಾಳ ಅವಳ ಕೈಗೆ ಕೊಡಿ. ಬರದಿದ್ದರೆ ವಾಪಸ್ ಬಂದ ಮೇಲೆ ಮುಖ ಗಂಟು ಹಾಕಿಕೊಳ್ಳಬೇಡಿ, ಪ್ರಸಾದ ಕೊಟ್ಟು ಊಟಕ್ಕೆ ಕರೆಯಿರಿ.